ದೊಡ್ಡವರಿಗೆ ಕನ್ನಡ ಓದು-ಬರಹ ಕಲಿಸಲು ಹೊರಟಿದ್ದೀರಾ? ಅ ಆ ಇ ಈ ಸದ್ಯ ಬದಿಗಿಡಿ

ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. "ನಾನು ಟೀಚರ್ ಅಲ್ಲ. ಆದರೆ ಓದಲು ಬಾರದ ದೊಡ್ಡವರೊಬ್ಬರಿಗೆ ಕನ್ನಡ ಕಲಿಸಬೇಕು ಅಂತ ಆಸೆ. ನನ್ನಿಂದ ಆಗುತ್ತಾ? ಎಲ್ಲಿಂದ ಶುರು ಮಾಡಲಿ?"

ಆಗುತ್ತದೆ. ಇದಕ್ಕೆ ಬಿ.ಎಡ್. ಬೇಕಿಲ್ಲ. ನಿಮಗೆ ಸರಾಗವಾಗಿ ಓದಲು ಬರಬೇಕು. ವಾರಕ್ಕೆ ಎರಡು ಮೂರು ಸಲ ಒಂದೊಂದು ಗಂಟೆ ಬಿಡುವು ಇರಬೇಕು. ಅದೇ ಅಕ್ಷರವನ್ನು ಹತ್ತನೇ ಸಲ ಹೇಳಿಕೊಡುವಾಗ ಮುಖ ಸಿಂಡರಿಸಬಾರದು. ಇಷ್ಟಿದ್ದರೆ ಸಾಕು.

ಎಲ್ಲಿಂದ ಶುರು ಮಾಡಬೇಕು ಅನ್ನುವಲ್ಲಿ ಮಾತ್ರ ಹೆಚ್ಚಿನವರು ದಾರಿ ತಪ್ಪುತ್ತಾರೆ. ನಮಗೆಲ್ಲ ಶಾಲೆಯಲ್ಲಿ ಅ ಆ ಇ ಈ ಮೊದಲು ಬಂತು. ಹಾಗಾಗಿ ಅದೇ ಸರಿ ಅನ್ನಿಸುತ್ತದೆ. ದೊಡ್ಡವರಿಗೆ ಅದು ಸರಿ ಹೋಗುವುದಿಲ್ಲ. ಅವರಿಗೆ ಯಾವುದನ್ನು ಓದುವ ಅಗತ್ಯ ಇದೆಯೋ ಅಲ್ಲಿಂದಲೇ ಶುರು ಮಾಡಬೇಕು.

ಸಾಮಾನು ಹೆಚ್ಚೇನೂ ಬೇಡ. ಅಗಲ ಗೆರೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ದಪ್ಪ ಮಾರ್ಕರ್ ತಂದಿಟ್ಟುಕೊಳ್ಳಿ. ಹಳೆಯ ಕ್ಯಾಲೆಂಡರ್ ಎಸೆಯಬೇಡಿ, ಅದರ ಹಿಂಬದಿ ದೊಡ್ಡ ಅಕ್ಷರ ಬರೆಯಲು ಚೆನ್ನಾಗಿರುತ್ತದೆ. ದಪ್ಪ ಕಾಗದ ಕತ್ತರಿಸಿ ಒಂದೊಂದು ಅಕ್ಷರಕ್ಕೆ ಒಂದೊಂದು ಚೀಟಿ ಮಾಡಿಕೊಳ್ಳಿ. ಮಕ್ಕಳ ಚಿತ್ರದ ಪುಸ್ತಕ ಮಾತ್ರ ಬೇಡ. ಐವತ್ತು ದಾಟಿದವರ ಮುಂದೆ "ಅ ಅಂದ್ರೆ ಅಳಿಲು" ಅಂತ ಇಟ್ಟರೆ ಅವರು ನಕ್ಕು ಸುಮ್ಮನಾಗುತ್ತಾರೆ, ಮುಂದಿನ ವಾರ ಬರುವುದಿಲ್ಲ.

1. ಒಂದು ಕಾರ್ಯಕ್ರಮದ ಜೊತೆ ಸೇರಿಕೊಳ್ಳಿ

ಒಬ್ಬರೇ ಕಲಿಸಬಹುದು. ಆದರೆ ಮೊದಲ ಸಲ ಕಲಿಸುವವರು ಯಾವುದಾದರೂ ಕಾರ್ಯಕ್ರಮದ ಜೊತೆ ಇರುವುದು ಒಳ್ಳೆಯದು. ಪುಸ್ತಕ ಸಿಗುತ್ತದೆ, ಸಿಕ್ಕಿಹಾಕಿಕೊಂಡಾಗ ಕೇಳಲು ಒಬ್ಬರು ಇರುತ್ತಾರೆ.

ಕೇಂದ್ರ ಸರ್ಕಾರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗಿನದು. ಇದನ್ನೇ "ಉಲ್ಲಾಸ್" ಎಂದು ಕರೆಯುತ್ತಾರೆ. 15 ವರ್ಷ ಮೇಲ್ಪಟ್ಟ, ಓದು-ಬರಹ ಬಾರದ ಯಾರು ಬೇಕಾದರೂ ಕಲಿಯಲು ಸೇರಬಹುದು. ಕಲಿಸುವವರೆಲ್ಲ ಸ್ವಯಂಸೇವಕರು, ಸಂಬಳ ಇಲ್ಲ. ಉಲ್ಲಾಸ್ ಹೆಸರಿನ ಮೊಬೈಲ್ ಆಪ್‌ನಲ್ಲಿ ಕಲಿಸುವವರೂ ಕಲಿಯುವವರೂ ಹೆಸರು ನೋಂದಾಯಿಸಬಹುದು. ಇದಲ್ಲದೆ ಸಂಘ ಸಂಸ್ಥೆಗಳು, ಗ್ರಂಥಾಲಯಗಳು ನಡೆಸುವ ತರಗತಿಗಳೂ ಇರುತ್ತವೆ.

ಸೇರುವ ಮೊದಲು ಮೂರು ವಿಷಯ ಕೇಳಿ. ಪ್ರೈಮರ್, ಅಂದರೆ ಮೊದಲ ಪಾಠಗಳ ಪುಸ್ತಕ, ಅವರೇ ಕೊಡುತ್ತಾರಾ? ಎಷ್ಟು ತಿಂಗಳು ಬರಬೇಕಾಗುತ್ತದೆ? ತರಗತಿಯ ಸಮಯವನ್ನು ಕಲಿಯುವವರ ಬಿಡುವು ನೋಡಿ ಇಡುತ್ತಾರೋ, ಕಲಿಸುವವರ ಬಿಡುವು ನೋಡಿಯೋ? ಮೂರನೆಯದು ಬಹಳ ಮುಖ್ಯ. ಕೆಲಸ ಮುಗಿಸಿ, ಮನೆಗೆಲಸ ಮುಗಿಸಿ ಬರುವವರಿಗೆ ಸಂಜೆ ಐದು ಗಂಟೆಯ ತರಗತಿ ಇಟ್ಟರೆ ಕೋಣೆ ಖಾಲಿ ಇರುತ್ತದೆ.

2. ಮೊದಲ ಭೇಟಿಯಲ್ಲಿ ಪಾಠ ಮಾಡಬೇಡಿ

ಸುಮ್ನೆ ಮಾತಾಡಿ. ಏನು ಓದಬೇಕು ಅನ್ನಿಸುತ್ತದೆ ಎಂದು ಕೇಳಿ. "ಎಲ್ಲಾ ಓದ್ಬೇಕು" ಎಂಬ ಉತ್ತರ ಬಂದರೆ ಇನ್ನೊಂದು ರೀತಿಯಲ್ಲಿ ಕೇಳಿ: "ಈ ವಾರ ಓದಲು ಬಾರದೆ ಎಲ್ಲಿ ಕಷ್ಟ ಆಯ್ತು?" ಆಗ ನಿಜವಾದ ಉತ್ತರ ಸಿಗುತ್ತದೆ. ಬಸ್ಸಿನ ಬೋರ್ಡು, ಬ್ಯಾಂಕಿನ ಚಲನ್, ಮಾತ್ರೆಯ ಹಾಳೆ, ಮಗಳ ಶಾಲೆಯ ಚೀಟಿ, ಫೋನಿನಲ್ಲಿ ಬಂದ ಮೆಸೇಜು, ದೇವರ ಸ್ತೋತ್ರದ ಪುಸ್ತಕ. ಅದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಪಠ್ಯಕ್ರಮ ಅದೇ.

ಅದೇ ಮಾತುಕತೆಯಲ್ಲಿ ಇವರು ಎಲ್ಲಿದ್ದಾರೆ ಎಂಬುದೂ ತಿಳಿಯುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರು ಒಂದು ರೀತಿ. ಎರಡನೇ ಕ್ಲಾಸಿಗೆ ಬಿಟ್ಟವರಿಗೆ ಅಕ್ಷರದ ಮಸುಕು ನೆನಪು ಇರುತ್ತದೆ, ಅವರು ಬೇಗ ಹಿಡಿಯುತ್ತಾರೆ. ಉರ್ದು, ತಮಿಳು ಅಥವಾ ಬೇರೆ ಲಿಪಿ ಓದಬಲ್ಲವರಿಗೆ ಓದುವುದು ಅಂದರೆ ಏನು ಎಂಬುದು ಆಗಲೇ ಗೊತ್ತು, ಆಕಾರ ಕಲಿತರೆ ಸಾಕು. ಕನ್ನಡ ಮಾತೇ ಸರಿಯಾಗಿ ಬಾರದವರಾದರೆ ಮೊದಲು ಮಾತು, ಆಮೇಲೆ ಅಕ್ಷರ. ತಿಳಿಯದ ಭಾಷೆಯನ್ನು ಓದಿಸುವುದು ಬರೀ ಉರು ಹೊಡೆಸಿದ ಹಾಗೆ.

ಎಚ್ಚರ: ಕಣ್ಣು. ನಲವತ್ತರ ಆಸುಪಾಸಿನಿಂದ ಹತ್ತಿರದ ಅಕ್ಷರ ಮಂಜಾಗತೊಡಗುತ್ತದೆ. ಅದಕ್ಕೇ ಚಾಳೀಸು ಅನ್ನುವುದು. ಎಂದೂ ಓದದವರಿಗೆ ತಮ್ಮ ಹತ್ತಿರದ ನೋಟ ಮಂಜಾಗಿದೆ ಎಂಬುದು ಗೊತ್ತೇ ಇರುವುದಿಲ್ಲ. ಕಾಗದವನ್ನು ದೂರ ಹಿಡಿಯುತ್ತಾರಾ, ಬೇಗ ತಲೆನೋವು ಅನ್ನುತ್ತಾರಾ ನೋಡಿ. "ಇವರಿಗೆ ತಲೆಗೆ ಹತ್ತುತ್ತಿಲ್ಲ" ಎಂದು ತೀರ್ಮಾನಿಸುವ ಮೊದಲು ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.

ಇನ್ನೊಂದು, ಮರ್ಯಾದೆ. ವಯಸ್ಸು ಎಷ್ಟೇ ಇರಲಿ, "ನೀವು" ಅನ್ನಿ. ಅಕ್ಕ, ಅಣ್ಣ, ಅಮ್ಮ, ಯಾವುದು ಒಗ್ಗುತ್ತದೋ ಅದು. ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ. ಎದುರು ಕೂತರೆ ಅಕ್ಷರ ನಿಮಗೆ ತಲೆಕೆಳಗಾಗಿ ಕಾಣುತ್ತದೆ, ಅವರಿಗೆ ಇಂಟರ್‌ವ್ಯೂ ಅನ್ನಿಸುತ್ತದೆ. ಕಲಿಯುತ್ತಿರುವುದು ಮನೆಯವರಿಗೂ ಗೊತ್ತಿಲ್ಲದಿರಬಹುದು. ಹಾಗಾಗಿ ಫೋಟೊ ತೆಗೆದು ಸ್ಟೇಟಸ್ ಹಾಕುವುದು ಬೇಡವೇ ಬೇಡ.

3. ಹೆಸರಿನಿಂದ ಶುರು, ಹತ್ತು ಅಕ್ಷರಕ್ಕೆ ಮೊದಲ ಗೆಲುವು

ಹೆಚ್ಚಿನವರ ಮೊದಲ ಆಸೆ ಸಹಿ. ಮೊದಲ ವಾರದಲ್ಲೇ ಅದನ್ನು ಕಲಿಸಿಬಿಡಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಬರೀ ಸಹಿ ಕಲಿತವರು ಅದನ್ನು ರಂಗೋಲಿಯ ಹಾಗೆ ನೆನಪಿಟ್ಟು ಎಳೆಯುತ್ತಾರೆ, ಒಳಗಿನ ಅಕ್ಷರ ಓದಲು ಬರುವುದಿಲ್ಲ. ಹೆಸರು ಬರೆದ ಮೇಲೆ ಅದನ್ನು ಬಿಡಿ ಚೀಟಿಗಳಾಗಿ ಕತ್ತರಿಸಿ, ಕಲೆಸಿ, ಮತ್ತೆ ಜೋಡಿಸಲು ಹೇಳಿ.

ಇನ್ನು ಅಕ್ಷರಗಳ ಕ್ರಮ. ವರ್ಣಮಾಲೆಯಲ್ಲಿ ಒಟ್ಟು 49 ಇವೆ: 13 ಸ್ವರ, 34 ವ್ಯಂಜನ, ಜೊತೆಗೆ ಅಂ ಅಃ. ಇದನ್ನು ಸಾಲಾಗಿ ಕಲಿಸಿದರೆ ಮೊದಲ ಒಂದು ತಿಂಗಳು ಒಂದು ಒಳ್ಳೆಯ ಪದವನ್ನೂ ಓದಲಾಗುವುದಿಲ್ಲ. ಸ್ವರಗಳಷ್ಟೇ ಸೇರಿ ಎಷ್ಟು ಪದ ಆದೀತು, ಹೇಳಿ? ಅಷ್ಟು ಹೊತ್ತಿಗೆ ಋ, ಙ, ಞ ತರಹ ದಿನಬಳಕೆಯಲ್ಲಿ ಕಾಣಿಸದವೂ ಬಂದು ಬೇಜಾರು ಹಿಡಿಸುತ್ತವೆ.

ಇದಕ್ಕೆ ಪರಿಹಾರ ನಮ್ಮಲ್ಲೇ ಇದೆ. ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ (ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ಚಟುವಟಿಕೆ ಪದ್ಧತಿ) ಅಕ್ಷರ ಶುರುವಾಗುವುದು ರ ಗ ಸ ದ ಅ ಇಂದ. ಅದಾದ ಮೇಲೆ ಜ ವ ಮ ಬ ನ. ಬರೆಯಲು ಸುಲಭ, ಕೂಡಿಸಿದರೆ ತಕ್ಷಣ ಪದ ಆಗುತ್ತದೆ. ಈ ಕ್ರಮ ದೊಡ್ಡವರಿಗೂ ಚೆನ್ನಾಗಿ ಒಗ್ಗುತ್ತದೆ, ಮಕ್ಕಳ ಚಿತ್ರಗಳನ್ನು ಬಿಟ್ಟು ಕ್ರಮವನ್ನಷ್ಟೇ ತೆಗೆದುಕೊಳ್ಳಿ. ಮೊದಲ ಐದರಲ್ಲೇ ಸರ, ದರ, ರಸ, ಅರಸ, ಗರಗಸ ಬಂದವು. ಹತ್ತಾದಾಗ ಜನ, ಮರ, ದನ, ಬರ, ಗಮನ, ನಗರ. "ನಗರ" ಓದಲು ಬಂದವರು ಆ ಸಂಜೆಯೇ ರಸ್ತೆ ಬದಿಯ ಬೋರ್ಡಿನಲ್ಲಿ ಅದನ್ನು ಹುಡುಕುತ್ತಾರೆ.

ಈ ಹತ್ತರ ಜೊತೆಗೆ ಎರಡನೇ ಹಂತದಲ್ಲಿ ಬರೆದಿಟ್ಟ ಪದಗಳನ್ನು ಸೇರಿಸುತ್ತಾ ಹೋಗಿ. ಕಲಿಯುವವರ ಬದುಕಿನ ಪದವನ್ನೇ ಪಾಠ ಮಾಡುವ ಉಪಾಯಕ್ಕೆ ದೊಡ್ಡ ಹೆಸರು ತಂದುಕೊಟ್ಟವರು ಬ್ರೆಜಿಲ್‌ನ ಪಾಲೊ ಫ್ರೇರೆ. 1963ರಲ್ಲಿ ಅಲ್ಲಿನ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ ಹೀಗೆ ಕಲಿಸಿದರು. ಇಟ್ಟಿಗೆಗೆ ಅವರ ಭಾಷೆಯಲ್ಲಿ "ತಿಜೊಲೊ". ಮೊದಲು ಇಟ್ಟಿಗೆಯ ಬಗ್ಗೆ ಮಾತುಕತೆ, ಆಮೇಲೆ ಪದವನ್ನು ತಿ-ಜೊ-ಲೊ ಎಂದು ಒಡೆಯುವುದು, ಆಮೇಲೆ ತ ತೆ ತಿ ತೊ ತು ಎಂದು ಒಂದೊಂದರ ಕುಟುಂಬ. ನಮಗೆ ಇದು ಹೊಸದೇನಲ್ಲ ಅಲ್ವಾ? ನಮ್ಮ ಕಾಗುಣಿತ ಇದೇ ತಾನೆ. ವ್ಯತ್ಯಾಸ ಇಷ್ಟೇ: ನಾವು ಕಾಗುಣಿತವನ್ನು ಬರೀ ಬಾಯಿಪಾಠ ಮಾಡಿಸುತ್ತೇವೆ, ಅವರು ಒಂದು ಪದದಿಂದ ಅಲ್ಲಿಗೆ ಹೋದರು.

ಎಚ್ಚರ: ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ಪ-ಷ, ದ-ಧ, ಬ-ಭ, ವ-ಮ, ಚ-ಛ ಇವು ಜೋಡಿಯಾಗಿ ಬಂದರೆ ಜೋಡಿಯಾಗಿಯೇ ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು ಬರಲಿ. ಧ, ಭ, ಛ ತರಹದ ಮಹಾಪ್ರಾಣ ಅಕ್ಷರಗಳು (ಉಸಿರು ಒತ್ತಿ ಹೇಳುವವು) ಕೊನೆಗೆ ಬಂದರೂ ನಷ್ಟವಿಲ್ಲ.

4. ಕಾಗುಣಿತ: ಗುರುತು ಕಲಿಸಿ, ಕೋಷ್ಟಕ ಬೇಡ

34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ಆಕಾರ. ಗೋಡೆಗೆ ಆ ಚಾರ್ಟ್ ತೂಗುಹಾಕಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ನಿಜಕ್ಕೂ ಕಲಿಯಬೇಕಾದದ್ದು ಬೆರಳೆಣಿಕೆಯ ಗುರುತುಗಳು.

ಮೊದಲು ಇಳಿ (ಕಾ ದಲ್ಲಿ ಬರುವುದು), ಆಮೇಲೆ ಗುಡಿಸು (ಕಿ), ಕೊಂಬು (ಕು), ಏತ್ವ (ಕೆ), ಓತ್ವ (ಕೊ). ಒಂದೊಂದಕ್ಕೂ ಒಂದು ವಾರ ಕೊಡಿ, ಜಾಸ್ತಿ ಆದರೂ ಪರವಾಗಿಲ್ಲ. ಇವು ಐದು ಗಟ್ಟಿಯಾದ ಮೇಲೆ ದೀರ್ಘದ ಗುರುತು ತೋರಿಸಿ. ಅದೊಂದನ್ನೇ ಪಕ್ಕಕ್ಕೆ ಹಾಕಿದರೆ ಕಿ ಹೋಗಿ ಕೀ, ಕೆ ಹೋಗಿ ಕೇ, ಕೊ ಹೋಗಿ ಕೋ. ಒಂದು ಗುರುತಿಗೆ ಮೂರು ಲಾಭ. ಕೂ ಒಂದಕ್ಕೆ ಮಾತ್ರ ಬೇರೆ, ಕೊಂಬಿನ ಇಳಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಪು ಮತ್ತು ವು. ಕು, ಗು, ನು ಗಳಲ್ಲಿ ಕೊಂಬು ಅಕ್ಷರದ ಬಲಕ್ಕೆ ಬರುತ್ತದೆ. ಪ, ವ ಗಳಲ್ಲಿ ಕೆಳಗೆ ಇಳಿಯುತ್ತದೆ. ವ ಪಕ್ಕದಲ್ಲಿ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ. ಈ ಕಾರಣವನ್ನೇ ಬರೆದು ತೋರಿಸಿ. ದೊಡ್ಡವರಿಗೆ ಕಾರಣ ಹೇಳಿದರೆ ನೆನಪಿರುತ್ತದೆ, "ಅದು ಹಾಗೇ" ಅಂದರೆ ಇರುವುದಿಲ್ಲ.

5. ಒತ್ತು: ಮೊದಲು ಅಪ್ಪ, ಅಕ್ಕ, ಅಜ್ಜ, ಆಮೇಲೆ ಅಮ್ಮ

ಹೆಚ್ಚಿನ ಒತ್ತುಗಳು ಅದೇ ಅಕ್ಷರದ ತಲೆಕಟ್ಟು ತೆಗೆದ ಚಿಕ್ಕ ರೂಪ. ಅಪ್ಪ, ಅಕ್ಕ, ಅಜ್ಜ, ಅಣ್ಣ, ಹಬ್ಬ, ಅಗ್ಗ ಮೊದಲು ಕಲಿಸಿ. ಬೇಗ ಬರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರವನ್ನು ಹೋಲುವುದಿಲ್ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು ಈ ಆರು ಪದಗಳನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಕೊಟ್ಟುಬಿಡಿ. ಜೇಬಿನಲ್ಲಿರಲಿ.

ಅರ್ಕಾವೊತ್ತು ಬೇರೆಯದೇ ಕಥೆ. "ವರ್ಷ" ಪದದಲ್ಲಿ ಬಾಯಿ ರ್ ಅನ್ನು ಷ ಗಿಂತ ಮೊದಲು ಹೇಳುತ್ತದೆ, ಕಣ್ಣಿಗೆ ಅದರ ಗುರುತು ಷ ಆದ ಮೇಲೆ ಕಾಣುತ್ತದೆ. ಹೊಸಬರು ಇದನ್ನು "ವಷರ" ಎಂದು ಓದಿದರೆ ಅದು ದಡ್ಡತನವಲ್ಲ, ಕಂಡದ್ದನ್ನು ಕಂಡ ಹಾಗೆ ಓದಿದ್ದಾರೆ. "ಈ ಗುರುತು ಕಂಡರೆ ಒಂದು ಹೆಜ್ಜೆ ಹಿಂದೆ ಹೋಗಿ ರ್ ಹೇಳಿ" ಅನ್ನಿ. ಸೂರ್ಯ, ಖರ್ಚು, ಅರ್ಜಿ, ಕರ್ನಾಟಕ ಇವುಗಳಲ್ಲಿ ಅಭ್ಯಾಸ ಮಾಡಿಸಿ. ಅರ್ಜಿ ಹೇಗೂ ಬೇಕಾಗುವ ಪದ.

6. ಒಂದು ಗಂಟೆಯನ್ನು ಹಂಚುವುದು

ಮೊದಲ ಹತ್ತು ನಿಮಿಷ ಹಿಂದಿನ ಪಾಠವನ್ನೇ ಮತ್ತೆ ಓದುವುದು. ಬರುವುದನ್ನೇ ಓದಿ ಶುರು ಮಾಡಿದರೆ ಧೈರ್ಯ ಬರುತ್ತದೆ. ಮುಂದಿನ ಕಾಲು ಗಂಟೆ ಹೊಸದು, ಎರಡು ಮೂರು ಅಕ್ಷರ ಅಥವಾ ಒಂದು ಗುರುತು, ಅದಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ನಿಮಿಷ ಅದನ್ನು ಪದ, ವಾಕ್ಯಗಳಲ್ಲಿ ಓದುವುದು. ಹತ್ತು ನಿಮಿಷ ಬರೆಯುವುದು. ಕೊನೆಗೆ ಐದು ನಿಮಿಷ ನೀವೇ ಅವರಿಗೆ ಇಷ್ಟವಾದದ್ದನ್ನು ಓದಿ ಹೇಳಿ, ಬೆರಳು ಸಾಲಿನ ಕೆಳಗೆ ಓಡುತ್ತಿರಲಿ.

ಓದುವಾಗ ತಡವರಿಸಿದರೆ ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಎಣಿಸುವಷ್ಟರಲ್ಲಿ ಅವರೇ ಹೇಳಿಬಿಡುತ್ತಾರೆ, ಬಹಳ ಸಲ. ಕಲಿಸುವವರಿಗೆ ಇದು ಅತ್ಯಂತ ಕಷ್ಟದ ಐದು ಸೆಕೆಂಡು.

ಎಚ್ಚರ: ಉರು ಹೊಡೆಯುವುದು. ಪಾಠ ಪೂರ್ತಿ ಗಡಗಡ ಓದುತ್ತಾರೆ, ನಿಮಗೆ ಖುಷಿಯೋ ಖುಷಿ. ಅನುಮಾನ ಇದ್ದರೆ ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ, ಇಲ್ಲವೇ ಅದೇ ಪದಗಳನ್ನು ಬೇರೆ ಕ್ರಮದಲ್ಲಿ ಬರೆದು ಕೊಡಿ. ಬರೆಯುವುದರಲ್ಲೂ ಹೀಗೇ. ಮುತ್ತಿನಂತೆ ನಕಲು ಮಾಡಿ ಒಂದು ಸಾಲನ್ನೂ ಓದಲಾರದವರು ಎಷ್ಟೋ ಮಂದಿ ಇದ್ದಾರೆ. ಪುಟಗಟ್ಟಲೆ ತಿದ್ದಿಸುವುದನ್ನು ಬಿಟ್ಟು, ನೀವು ಹೇಳಿದ ಪದವನ್ನು ನೋಡದೆ ಬರೆಯಲು ಹೇಳಿ. ಎರಡು ಸರಿ ಪದ ಸಾಕು.

ಗಟ್ಟಿ ಕೆಲಸ ಮಾಡಿದ ಕೈಗೆ ಪೆನ್ಸಿಲ್ ಹಿಡಿಯುವುದು ನೋವು ತರುತ್ತದೆ. ಮೊದಲು ದೊಡ್ಡದಾಗಿ, ಮಾರ್ಕರ್‌ನಲ್ಲಿ ಬರೆಯಲಿ. ಅಕ್ಷರ ಗೆರೆಯೊಳಗೆ ಕೂರುವುದು ಆಮೇಲಿನ ಮಾತು.

7. ಅವರ ಮಾತನ್ನೇ ಪಾಠ ಮಾಡಿ

ಕಾಗುಣಿತ ಅರ್ಧ ಆದ ಮೇಲೆ ಈ ಕೆಲಸ ಶುರು ಮಾಡಿ. ನನ್ನ ಲೆಕ್ಕದಲ್ಲಿ ಇಡೀ ಕಲಿಸುವಿಕೆಯಲ್ಲಿ ಇದಕ್ಕಿಂತ ಫಲ ಕೊಡುವುದು ಇನ್ನೊಂದಿಲ್ಲ. ಅವರು ಒಂದು ಸಂಗತಿ ಹೇಳಲಿ, ಮೂರು ನಾಲ್ಕು ವಾಕ್ಯ. ನೀವು ಅದನ್ನು ಅವರು ಹೇಳಿದ ಹಾಗೆಯೇ ಬರೆಯಿರಿ. ಆಮೇಲೆ ಅವರೇ ಅದನ್ನು ಓದಲಿ. ಅರ್ಥ ಗೊತ್ತಿರುವುದರಿಂದ ಓದು ಸಲೀಸು. ಪುಸ್ತಕದ ವಾಕ್ಯದಲ್ಲಿ ಸಿಗದ ಉತ್ಸಾಹ ಇಲ್ಲಿ ಸಿಗುತ್ತದೆ.

"ಹೋಗ್ತೀನಿ" ಅಂದರೆ "ಹೋಗ್ತೀನಿ" ಎಂದೇ ಬರೆಯಿರಿ. "ಹೋಗುತ್ತೇನೆ" ಎಂಬ ಪುಸ್ತಕದ ರೂಪವನ್ನು ಪಕ್ಕದಲ್ಲಿ ಆಮೇಲೆ ತೋರಿಸಬಹುದು. ಹಾಲಿಗೆ ಆಲು, ಶಾಲೆಗೆ ಸಾಲೆ ಅನ್ನುವವರ ಉಚ್ಚಾರ ತಿದ್ದಲು ಹೋಗಬೇಡಿ. ಬರಹದಲ್ಲಿ ಯಾವ ಅಕ್ಷರ ಇರುತ್ತದೆ ಎಂದು ತೋರಿಸಿದರೆ ಸಾಕು. ಓದಲು ಬಂದವರ ನಾಲಿಗೆ ತಿದ್ದುತ್ತಾ ಕೂತರೆ ಅವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಲೆಕ್ಕದ ಬಗ್ಗೆ ಚಿಂತೆ ಬೇಡ. ಬಾಯಿಲೆಕ್ಕದಲ್ಲಿ ಅವರು ನಿಮ್ಮನ್ನು ಸೋಲಿಸುವ ಸಾಧ್ಯತೆಯೇ ಜಾಸ್ತಿ. ಬರೆಯುವ ಅಂಕಿ ಕಲಿಸಿ ಸಾಕು: ಫೋನ್ ನಂಬರು, ತಾರೀಖು, ಬಸ್ ನಂಬರು. 1 2 3 ಮೊದಲು, ೧ ೨ ೩ ಆಮೇಲೆ. ಕನ್ನಡದ ಸೊನ್ನೆ ಮತ್ತು ಅಂ ದಲ್ಲಿ ಬರುವ ಸೊನ್ನೆ ಒಂದೇ ತರಹ ಕಾಣುತ್ತವೆ ಎಂಬುದು ನೆನಪಿರಲಿ.

8. ಬರದೇ ಇರುವ ದಿನಗಳು

ಕೊಯ್ಲು, ಮದುವೆ, ಮಗುವಿನ ಜ್ವರ, ಪಾಳಿ ಬದಲಾವಣೆ. ದೊಡ್ಡವರು ತರಗತಿ ತಪ್ಪಿಸುವುದು ಸೋಮಾರಿತನದಿಂದ ಅಲ್ಲ. ವಾಪಸ್ ಬಂದಾಗ "ಯಾಕೆ ಬರಲಿಲ್ಲ" ಎಂದು ಕೇಳಬೇಡಿ, "ಬಂದ್ರಲ್ಲ, ಕೂತ್ಕೊಳ್ಳಿ" ಅನ್ನಿ. ಎರಡು ಪಾಠ ಹಿಂದೆ ಹೋಗಿ ಶುರು ಮಾಡಿ. ಹೋಂವರ್ಕ್ ಎಂಬ ಪದವನ್ನೇ ಬಳಸಬೇಡಿ. ದಿನಕ್ಕೆ ಹತ್ತು ನಿಮಿಷ ಚೀಟಿ ನೋಡಿದರೆ ಸಾಕು ಎಂದು ಹೇಳಿ. ಮಾಡದಿದ್ದರೆ ಸುಮ್ಮನಿರಿ.

ತಿಂಗಳುಗಟ್ಟಲೆ ತಪ್ಪದೆ ಬಂದು, ಕನ್ನಡಕವೂ ಇದ್ದು, ಹತ್ತು ಅಕ್ಷರ ನಿಲ್ಲುತ್ತಿಲ್ಲ ಅಂದರೆ ಡಿಸ್ಲೆಕ್ಸಿಯಾ (ಬುದ್ಧಿ ಚುರುಕಾಗಿದ್ದರೂ ಅಕ್ಷರ-ಶಬ್ದ ಜೋಡಿಸಲು ಮಿದುಳಿಗೆ ಆಗುವ ತೊಡಕು) ಅಥವಾ ಕಿವಿಯ ತೊಂದರೆ ಇರಬಹುದು. ಅದನ್ನು ನೀವು ತೀರ್ಮಾನಿಸಬೇಡಿ. ಕಾರ್ಯಕ್ರಮದವರಿಗೆ ತಿಳಿಸಿ.

ನಂಬಿಕೆ ಬೆಳೆದಂತೆ ಬೇರೆ ಕೋರಿಕೆಗಳೂ ಬರುತ್ತವೆ. "ಈ ಫಾರಂ ನೀವೇ ತುಂಬಿಬಿಡಿ", "ಈ ಎಟಿಎಂ ನಂಬರು ನೀವೇ ಒತ್ತಿ". ಫಾರಂ ಅನ್ನು ಪಾಠ ಮಾಡಿಕೊಳ್ಳಿ, ಅವರ ಕೈಯಲ್ಲೇ ತುಂಬಿಸಿ. ಪಿನ್, ಪಾಸ್‌ಬುಕ್, ಸಾಲದ ಪತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ದುಡ್ಡಿನ ಕೊಡು-ಕೊಳ್ಳುವಿಕೆ ಬೇಡ.

9. ಎಷ್ಟು ತಿಂಗಳು, ಮತ್ತು ಪರೀಕ್ಷೆ

ಎಲ್ಲರೂ ಕೊನೆಗೆ ಕೇಳುವುದು ಇದು. ಹಿಂದೆ ಸ್ವಲ್ಪ ಓದಿದ್ದವರು ಕೆಲವೇ ತಿಂಗಳಲ್ಲಿ ಬೋರ್ಡು, ಮೆಸೇಜು ಓದುತ್ತಾರೆ. ಎಂದೂ ಶಾಲೆಗೆ ಹೋಗದವರಿಗೆ ವರ್ಷ ಹಿಡಿದರೂ ಅದು ನಿಧಾನ ಅಲ್ಲ. ತಿಂಗಳು ಎಣಿಸಬೇಡಿ. ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ, ಆ ದಿನ ಹೊಸದಾಗಿ ಏನು ಓದಿದರು ಎಂದು ಒಂದು ಸಾಲು ಬರೆದಿಡಿ. "ನಂಗೇನೂ ಬರ್ತಿಲ್ಲ" ಎಂದು ಅವರು ಕೈಚೆಲ್ಲಿದ ದಿನ ಹಿಂದಿನ ಪುಟ ತೆಗೆದು ತೋರಿಸಿ.

ಉಲ್ಲಾಸ್‌ನಲ್ಲಿ ಸೇರಿದವರಿಗೆ ಒಂದು ಪರೀಕ್ಷೆ ಇದೆ. ಓದು, ಬರಹ, ಲೆಕ್ಕಕ್ಕೆ ತಲಾ 50, ಒಟ್ಟು 150 ಅಂಕ. ಪಾಸಾದರೆ ಪ್ರಮಾಣಪತ್ರ ಸಿಗುತ್ತದೆ. ಕೆಲವರಿಗೆ ಆ ಕಾಗದ ಬಹಳ ದೊಡ್ಡದು, ಫ್ರೇಮ್ ಹಾಕಿಸುತ್ತಾರೆ. ಇನ್ನು ಕೆಲವರಿಗೆ ಪರೀಕ್ಷೆ ಎಂಬ ಮಾತಿಗೇ ಜ್ವರ ಬರುತ್ತದೆ. ಬೇಡ ಅಂದವರನ್ನು ಒತ್ತಾಯಿಸಬೇಡಿ.

ಪರೀಕ್ಷೆ ಮುಗಿದ ಕೂಡಲೇ ಕೈ ಬಿಡುವುದೂ ಸರಿಯಲ್ಲ. ಹೊಸದಾಗಿ ಕಲಿತ ಓದು ಬಳಸದಿದ್ದರೆ ಬೇಗ ಮರೆಯುತ್ತದೆ. ಭೇಟಿಯನ್ನು ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಮಾಡಿ. ಪೇಪರಿನ ದಪ್ಪ ಅಕ್ಷರದ ತಲೆಬರಹ ಓದುವ ಅಭ್ಯಾಸ ಹಚ್ಚಿ. ಅವರ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಟ್ಟು, ಹೆಸರುಗಳನ್ನು ಅವರಿಂದಲೇ ಕನ್ನಡದಲ್ಲಿ ಸೇವ್ ಮಾಡಿಸಿ. ಅವರು ವಾಯ್ಸ್ ಮೆಸೇಜ್ ಕಳಿಸಿದರೆ ನೀವು ಬರೆದೇ ಉತ್ತರ ಕೊಡಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಒತ್ತಕ್ಷರ ಕಡಿಮೆ ಇರುವ ಹಾಗೆ.